ಬಿಲ್ಲಿನಲ್ಲಿ ಬಸ್ರಾ, ಸರದಲ್ಲಿ ಚೈನಾ: ಮುತ್ತಿನ ಬೆಲೆ ನೋಡುವುದು ಹೇಗೆ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಹೋದ ತಿಂಗಳು ಹೈದರಾಬಾದಿಗೆ ಹೋಗಿದ್ದಾಗ ಮಗಳ ಮದುವೆಗೆಂದು ಚಾರ್ಮಿನಾರ್ ಹತ್ತಿರದ ಅಂಗಡಿಯೊಂದರಲ್ಲಿ ಎರಡೆಳೆ ಮುತ್ತಿನ ಸರ ತಗೊಂಡೆ. 18,500 ರೂಪಾಯಿ ಕೊಟ್ಟೆ. ಮುತ್ತು 7ರಿಂದ 7.5 ಮಿಲಿಮೀಟರ್. ಬಿಲ್ಲಿನಲ್ಲಿ ‘ಒರಿಜಿನಲ್ ಬಸ್ರಾ, ಎಎಎ’ ಅಂತ ಬರೆದಿದ್ದಾರೆ. ಒಂದು ಗ್ಯಾರಂಟಿ ಕಾರ್ಡೂ ಕೊಟ್ಟಿದ್ದಾರೆ. ಊರಿಗೆ ಬಂದು ನಮ್ಮ ಸರಾಫರಿಗೆ ತೋರಿಸಿದರೆ ‘ಇದು ಚೈನಾ ಮಾಲು, ನಕಲಿ, ನಾಲ್ಕು ಸಾವಿರನೂ ಬಾಳಲ್ಲ’ ಅಂದುಬಿಟ್ಟರು. ಇನ್ನೊಂದು ವಿಷಯ. ನಮ್ಮ ಅತ್ತೆಯವರ ತಾಯಿಯ ಕಾಲದ ಮುತ್ತಿನ ನತ್ತು ಮನೆಯಲ್ಲಿದೆ. ಅದರ ಮುತ್ತು ಹಳದಿಗಟ್ಟಿವೆ, ಸರಿಯಾಗಿ ಗುಂಡಗೂ ಇಲ್ಲ. ಅವನ್ನು ತೆಗೆದು ಹೊಸ ಬಿಳಿ ಮುತ್ತು ಪುಕ್ಕಟೆ ಕೂರಿಸಿಕೊಡ್ತೀನಿ ಅಂತ ಅದೇ ಸರಾಫರು ಹೇಳುತ್ತಿದ್ದಾರೆ. ಪಕ್ಕದ ಮನೆಯವರು ಮುತ್ತನ್ನು ಬೆಂಕಿಗೆ ಹಿಡಿದು ನೋಡಿ, ಅಕ್ಕಿಯಲ್ಲಿ ಉಜ್ಜಿ ನೋಡಿ ಅಂತಾರೆ. ನಾನು ಮೋಸ ಹೋದೆನಾ? ಎಎಎ ಅಂದರೆ ಏನು? ನತ್ತಿನ ಮುತ್ತು ಬದಲಿಸಲಾ?

ಉತ್ತರ: ಮೊದಲೇ ಒಂದು ಮಾತು. ಆ ನತ್ತನ್ನು ಸದ್ಯಕ್ಕೆ ಯಾರ ಕೈಗೂ ಕೊಡಬೇಡಿ. ಬೆಂಕಿಯ ಹತ್ತಿರವಂತೂ ಒಯ್ಯಲೇಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಸರದ ವಿಚಾರ ಮುಗಿಸೋಣ.

ನೀವು ಕೊಟ್ಟ ದುಡ್ಡು, ಹೇಳಿದ ಅಳತೆ, ಕಳಿಸಿದ ಫೋಟೊ ಮೂರನ್ನೂ ಒಟ್ಟಿಗೆ ನೋಡಿದರೆ ನಿಮ್ಮ ಸರದಲ್ಲಿರುವುದು ಬಹುಮಟ್ಟಿಗೆ ಚೀನಾದ ಸಿಹಿನೀರಿನ ಕಲ್ಚರ್ಡ್ ಮುತ್ತು, ಅಂದರೆ ಕೆರೆಯಲ್ಲಿ ಚಿಪ್ಪು ಸಾಕಿ ಮನುಷ್ಯರೇ ಬೆಳೆಸಿದ ಮುತ್ತು. ಹಾಗಾಗಿ ಅಂಗಡಿಯವರು ಬರೆದ ‘ಬಸ್ರಾ’ ಸುಳ್ಳು. ಸರಾಫರು ಹೇಳಿದ ‘ಚೈನಾ’ ನಿಜ. ಆದರೆ ಅವರು ಸೇರಿಸಿದ ‘ನಕಲಿ’ ತಪ್ಪು. ಚೀನಾದ ಕೆರೆಯಲ್ಲಿ ಬೆಳೆದಿದ್ದರೂ ಅದು ಚಿಪ್ಪಿನೊಳಗೇ ಬೆಳೆದ ಮುತ್ತು. ನಕಲಿ ಅಂದರೆ ಗಾಜು, ಪ್ಲಾಸ್ಟಿಕ್ ಅಥವಾ ಚಿಪ್ಪಿನ ಮಣಿಯ ಮೇಲೆ ಬಣ್ಣದ ಲೇಪ ಬಳಿದದ್ದು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಬಸ್ರಾ ಅಲ್ಲ ಅಂತ ಮುತ್ತನ್ನು ಕೈಯಲ್ಲಿ ಹಿಡಿಯದೆಯೇ ಇಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು. ಬಸ್ರಾ ಅನ್ನೋದು ಪರ್ಷಿಯನ್ ಕೊಲ್ಲಿಯ ನೈಸರ್ಗಿಕ ಮುತ್ತಿಗೆ ನಮ್ಮ ವ್ಯಾಪಾರಿಗಳು ಇಟ್ಟುಕೊಂಡ ಹೆಸರು. ಬಹರೇನ್ ಸುತ್ತಮುತ್ತಲ ಕಡಲಲ್ಲಿ ಉಸಿರು ಕಟ್ಟಿ ಮುಳುಗಿ, ರಾಶಿಗಟ್ಟಲೆ ಚಿಪ್ಪು ತಂದು ಬಿಚ್ಚಿದರೆ ಒಂದೆರಡು ಮುತ್ತು ಸಿಗುತ್ತಿತ್ತು. ಅದರಲ್ಲೂ ಹೆಚ್ಚಿನವು ಸಣ್ಣ ಕಾಳು. ಆ ಮಾಲಿಗೆ ಮುಂಬಯಿಯೇ ದೊಡ್ಡ ಮಾರುಕಟ್ಟೆ. 1920ರ ದಶಕದಲ್ಲಿ ಜಪಾನಿನ ಕಲ್ಚರ್ಡ್ ಮುತ್ತು ಪೇಟೆಗೆ ಇಳಿಯಿತು. ಅದರ ಬೆನ್ನಿಗೇ 1929ರ ಆರ್ಥಿಕ ಕುಸಿತ ಬಂತು. ಕೊಲ್ಲಿಯ ಮುತ್ತಿನ ವ್ಯಾಪಾರ ಅಲ್ಲಿಗೆ ನೆಲ ಕಚ್ಚಿತು. ಇವತ್ತು ಪೇಟೆಯಲ್ಲಿ ಓಡಾಡುವ ಬಸ್ರಾ ಮುತ್ತಿನಲ್ಲಿ ಬಹುಪಾಲು ಹಳೆಯ ಒಡವೆಗಳಿಂದ ಬಿಚ್ಚಿದ್ದು. 7 ಮಿಲಿಮೀಟರಿನ, ಒಂದಕ್ಕೊಂದು ಹೊಂದುವ, ಗುಂಡನೆಯ ನೂರಕ್ಕೂ ಹೆಚ್ಚು ಬಸ್ರಾ ಮುತ್ತು ಒಂದೇ ಸರದಲ್ಲಿದ್ದರೆ ಅದು ಹರಾಜು ಕಂಪನಿಗಳ ಕ್ಯಾಟಲಾಗಿನಲ್ಲಿ ಇರುತ್ತಿತ್ತು. ಬರೋಡಾ ರಾಜಮನೆತನದ ಮುತ್ತುಗಳಿಂದ ಮಾಡಿದ ಎರಡೆಳೆ ಸರ 2007ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು. ಅವು ನಿಮ್ಮವಕ್ಕಿಂತ ತುಂಬಾ ದೊಡ್ಡ ಮುತ್ತು, ಜೊತೆಗೆ ರಾಜಮನೆತನದ ಹೆಸರು ಬೇರೆ. ಆದರೂ ಆ ಮಾಲು ಯಾವ ಲೋಕದ್ದು ಅಂತ ಅಂದಾಜು ಸಿಗುತ್ತೆ ಅಲ್ವಾ? 18,500ಕ್ಕೆ ಎರಡೆಳೆ ಬಸ್ರಾ ಬರುವುದಿಲ್ಲ.

‘ಹೈದರಾಬಾದ್ ಮುತ್ತು’ ಅನ್ನುವ ಹೆಸರಿನಲ್ಲೂ ಹಲವರಿಗೆ ಗೊಂದಲವಿದೆ. ಹೈದರಾಬಾದಿನ ಹತ್ತಿರ ಕಡಲೇ ಇಲ್ಲ. ಅಲ್ಲಿ ಮುತ್ತು ಬೆಳೆಯುವುದಿಲ್ಲ. ನಿಜಾಮರ ಕಾಲದಿಂದ ಅಲ್ಲಿ ಬೆಳೆದದ್ದು ವ್ಯಾಪಾರ ಮತ್ತು ಕೈಕಸುಬು. ಮುತ್ತು ವಿಂಗಡಿಸುವುದು, ತೂತು ಕೊರೆಯುವುದು, ಪೋಣಿಸುವುದು. ಪತ್ತರ್‌ಗಟ್ಟಿಯ ಅಂಗಡಿ ಸಾಲಿನಲ್ಲಿ ಇವತ್ತು ತೂಗುವ ಮಾಲಿನ ದೊಡ್ಡ ಪಾಲು ಚೀನಾದ ಸಿಹಿನೀರಿನದು. ಝೆಜಿಯಾಂಗ್ ಪ್ರಾಂತ್ಯದ ಝೂಜಿ ಊರು ಅದರ ದೊಡ್ಡ ಮಾರುಕಟ್ಟೆ. ಸಿಹಿನೀರಿನ ಕಲ್ಚರ್ಡ್ ಅಂತ ನೇರವಾಗಿ ಹೇಳಿ ಮಾರುವ ಒಳ್ಳೆಯ ವ್ಯಾಪಾರಿಗಳೂ ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕಲ್ಚರ್ಡ್ ಅಂದರೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬೆಲೆಯ ಗುಟ್ಟೆಲ್ಲ ಅಲ್ಲೇ ಇದೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತೆ ಅನ್ನೋದು ನಮ್ಮ ಹಿರಿಯರ ಮಾತು. ಮರಳಿನ ಕಣ ಹೊಕ್ಕು ಮುತ್ತಾಗುತ್ತೆ ಅನ್ನೋದು ಶಾಲೆಯಲ್ಲಿ ಕಲಿತದ್ದು. ಎರಡನೆಯದೂ ಸರಿಯಿಲ್ಲ. ಮರಳಿನಲ್ಲೇ ಬಾಳುವ ಜೀವಿಗೆ ಮರಳನ್ನು ಹೊರಹಾಕಲು ಬರುತ್ತೆ. ಚಿಪ್ಪಿನ ಒಳಗೋಡೆ ಕಟ್ಟುವುದು ಅದರ ಮೆತ್ತನೆಯ ಚರ್ಮದಂಥ ಒಂದು ಪದರ. ಯಾವುದೋ ಹುಳ ಕೊರೆದೋ, ಗಾಯವಾಗಿಯೋ ಆ ಪದರದ ಒಂದಿಷ್ಟು ಕೋಶ ಮೈಯೊಳಗೆ ಸೇರಿಕೊಂಡರೆ ಅಲ್ಲೊಂದು ಪುಟ್ಟ ಚೀಲ ಬೆಳೆಯುತ್ತೆ. ಚೀಲದೊಳಗೆ ಪದರದ ಮೇಲೆ ಪದರ ಕೂತು ಮುತ್ತಾಗುತ್ತೆ. ಇದು ತಾನಾಗಿ ನಡೆದರೆ ನೈಸರ್ಗಿಕ ಮುತ್ತು. ಮನುಷ್ಯ ಕತ್ತರಿ, ಚಿಮಟಿ ಹಿಡಿದು ಆ ಕೋಶದ ಚೂರನ್ನು ಒಳಗಿಟ್ಟರೆ ಕಲ್ಚರ್ಡ್. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರ್ಧಗುಂಡಿನ ಮುತ್ತು ತೆಗೆದ ಮೇಲೆ ಈ ಕಸುಬು ಬೆಳೆಯುತ್ತಾ ಹೋಯಿತು. ನಮ್ಮಲ್ಲೂ ತೂತ್ತುಕುಡಿಯಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 1973ರಲ್ಲಿ ಕಲ್ಚರ್ಡ್ ಮುತ್ತು ಬೆಳೆದು ತೋರಿಸಿದರು.

ಈಗ ಬೆಲೆಯ ವಿಷಯ. ಚೀನಾದ ಸಿಹಿನೀರಿನ ಚಿಪ್ಪಿನೊಳಗೆ ಸಾಮಾನ್ಯವಾಗಿ ಬರೀ ಕೋಶದ ಚೂರು ಇಡುತ್ತಾರೆ. ಒಂದೇ ಚಿಪ್ಪಿನಲ್ಲಿ ಇಪ್ಪತ್ತು ಮೂವತ್ತು ಮುತ್ತು ಬರುತ್ತೆ. ಅದಕ್ಕೇ ಅಗ್ಗ. ಆದರೆ ಒಳಗೆ ಮಣಿ ಇಲ್ಲದ್ದರಿಂದ ಮುತ್ತು ನಡುವಿನ ತನಕ ಮುತ್ತೇ. ಜಪಾನಿನ ಕಡಲಲ್ಲಿ ಬೆಳೆಸುವ ಅಕೋಯಾ ಅನ್ನುವ ಮುತ್ತು ಹಾಗಲ್ಲ. ಕೋಶದ ಜೊತೆ ಒಂದು ಗುಂಡನೆಯ ಮಣಿಯನ್ನೂ ಇಡುತ್ತಾರೆ. ಆ ಮಣಿಯನ್ನು ಬಹಳ ಕಾಲದಿಂದ ಅಮೆರಿಕದ ನದಿಯ ಚಿಪ್ಪಿನಿಂದ ಕಡೆದು ಮಾಡುತ್ತಾ ಬಂದಿದ್ದಾರೆ. ಮಣಿಯ ಮೇಲೆ ಕೂರುವ ಮುತ್ತಿನ ಪದರ ಅರ್ಧ ಮಿಲಿಮೀಟರಿನ ಆಸುಪಾಸು. ಚಿಪ್ಪನ್ನು ಬೇಗ ಬಿಚ್ಚಿದರೆ ಅಷ್ಟೂ ಇರುವುದಿಲ್ಲ. ಆಸ್ಟ್ರೇಲಿಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸಿನ ಸೌತ್ ಸೀ ಮುತ್ತು ಮತ್ತು ತಹೀತಿಯ ಕಪ್ಪು ಮುತ್ತಿಗೂ ಒಳಗೆ ಮಣಿ ಇರುತ್ತೆ. ಆದರೆ ಅಲ್ಲಿ ಚಿಪ್ಪಿಗೆ ಒಂದು ಸಲಕ್ಕೆ ಒಂದೇ ಮುತ್ತು, ಬೆಳೆಯಲು ವರ್ಷಗಳು ಬೇಕು, ಪದರವೂ ದಪ್ಪ. ಗಾತ್ರ 8 ಮಿಲಿಮೀಟರಿನಿಂದಲೇ ಶುರು. ಹಾಗಾಗಿ ಸಿಹಿನೀರಿನ ಸರ ಸಾವಿರಗಳಲ್ಲಿ, ಒಳ್ಳೆಯ ಅಕೋಯಾ ಹತ್ತಾರು ಸಾವಿರದಲ್ಲಿ, ಒಳ್ಳೆಯ ಸೌತ್ ಸೀ ಸರ ಲಕ್ಷಗಳಲ್ಲಿ ಮಾತಾಡುತ್ತೆ. ‘ತಹೀತಿ ಕಪ್ಪು’ ಅಂತ ಎರಡು ಸಾವಿರಕ್ಕೆ ಸರ ಕೊಟ್ಟರೆ ಅದು ಬಣ್ಣ ಹಾಕಿದ ಸಿಹಿನೀರಿನ ಮುತ್ತು.

ಇನ್ನು ನಿಮ್ಮ ಎಎಎ. ಇದಕ್ಕೆ ಜಗತ್ತಿನಲ್ಲೆಲ್ಲೂ ಒಂದೇ ಅಳತೆಗೋಲು ಇಲ್ಲ. ಹೋಟೆಲಿನವರು ಬೋರ್ಡಿನ ಮೇಲೆ ತಾವೇ ‘ಸ್ಪೆಷಲ್ ದೋಸೆ’ ಅಂತ ಬರೆದುಕೊಳ್ಳುತ್ತಾರಲ್ಲ, ಅದೇ ಥರ. ಒಬ್ಬರ ಎಎಎ ಇನ್ನೊಬ್ಬರ ಅಂಗಡಿಯಲ್ಲಿ ಎ ಆಗಿರಬಹುದು. ಎಎಎಎ, ಎಎಎ ಪ್ಲಸ್ ಅಂತೆಲ್ಲ ಬರೆಯುವವರೂ ಇದ್ದಾರೆ. ಯಾರೂ ಕೇಳುವವರಿಲ್ಲ. ಒಂದೇ ಅಂಗಡಿಯೊಳಗೆ ಎರಡು ಸರ ಹೋಲಿಸಲು ಈ ಅಕ್ಷರ ಸ್ವಲ್ಪ ಉಪಯೋಗಕ್ಕೆ ಬಂದೀತು. ಅಂಗಡಿಯ ಹೊಸಿಲು ದಾಟಿದರೆ ಅದಕ್ಕೆ ಬೆಲೆಯಿಲ್ಲ. ಜಪಾನಿನ ಅಕೋಯಾಗೆ ಅಲ್ಲಿನ ಪ್ರಯೋಗಾಲಯವೇ ಕೊಡುವ ‘ಹನದಾಮ’ ಪತ್ರದಂಥವು ಬೇರೆ ಮಾತು. ಅಲ್ಲಿ ಪದರದ ದಪ್ಪ, ಹೊಳಪು ಅಳೆದು ಬರೆದಿರುತ್ತಾರೆ. ನಿಮ್ಮ ಗ್ಯಾರಂಟಿ ಕಾರ್ಡು ಅಂಥದ್ದಲ್ಲ, ಅಂಗಡಿಯವರೇ ಅಚ್ಚು ಹಾಕಿಸಿದ್ದು.

ಹಾಗಾದರೆ ನಾವು ಏನು ನೋಡುತ್ತೇವೆ? ಅಮೆರಿಕದ ರತ್ನವಿಜ್ಞಾನ ಸಂಸ್ಥೆ ಜಿಐಎ ಏಳು ಅಂಶ ಹೇಳುತ್ತೆ: ಗಾತ್ರ, ಆಕಾರ, ಬಣ್ಣ, ಹೊಳಪು, ಮೈ, ಪದರದ ಗುಣ, ಮುತ್ತುಗಳು ಒಂದಕ್ಕೊಂದು ಹೊಂದುವ ಜೋಡಿ. ಕೌಂಟರಿನ ಈಚೆ ನಿಂತ ಗಿರಾಕಿಗೆ ಇವೆಲ್ಲ ಸಮ ಅಲ್ಲ. ನನ್ನನ್ನು ಕೇಳಿದರೆ ಹೊಳಪು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ.

ನಿಮ್ಮ ಸರವನ್ನೇ ತಗೊಳ್ಳಿ. ಒಂದು ಬಿಳಿ ಪಂಚೆ ಅಥವಾ ಟವೆಲ್ ಹಾಸಿ ಅದರ ಮೇಲೆ ಸರ ಇಡಿ. ಅಂಗಡಿಯವರು ಕಪ್ಪು ಮಖಮಲ್ ಮೇಲೆ ಇಟ್ಟು ತೋರಿಸುತ್ತಾರೆ, ಅದರ ಮೇಲೆ ಎಲ್ಲ ಮುತ್ತೂ ಚೆಂದವೇ. ತಲೆಯ ಮೇಲೆ ಒಂದೇ ಟ್ಯೂಬ್‌ಲೈಟ್ ಇರಲಿ. ಈಗ ಒಂದೊಂದೇ ಮುತ್ತಿನ ಮೇಲೆ ಆ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಗೆರೆಯ ಅಂಚು ಚೂಪಾಗಿ, ಎರಡು ತುದಿಯೂ ಬಿಡಿಬಿಡಿಯಾಗಿ ಕಂಡರೆ ಹೊಳಪು ಚೆನ್ನಾಗಿದೆ. ಗೆರೆ ಹರಡಿಕೊಂಡು ಬರೀ ಒಂದು ಬಿಳಿ ಮಸುಕು ಕಂಡರೆ ಸಾಧಾರಣ. ಏನೂ ಕಾಣದೆ ಮೈ ಸುಣ್ಣ ಬಳಿದಂತಿದ್ದರೆ ಕಳಪೆ. ಆಮೇಲೆ ಸರವನ್ನು ನಿಧಾನಕ್ಕೆ ಉರುಳಿಸಿ. ಕೆಲವು ಮುತ್ತು ಒಂದು ಮಗ್ಗುಲಲ್ಲಿ ಮಿಂಚಿ ಇನ್ನೊಂದು ಮಗ್ಗುಲಲ್ಲಿ ಸತ್ತಂತಿರುತ್ತವೆ. ಅಂಥವು ಸರದಲ್ಲಿ ಎಷ್ಟಿವೆ ಅಂತ ಎಣಿಸಿಕೊಳ್ಳಿ. ಬೆಲೆ ಚೌಕಾಸಿ ಮಾಡುವಾಗ ಎಎಎಗಿಂತ ಈ ಎಣಿಕೆ ಜಾಸ್ತಿ ಕೆಲಸಕ್ಕೆ ಬರುತ್ತೆ.

ಈ ಹೊಳಪು ಬರುವುದು ಎಲ್ಲಿಂದ? ಮುತ್ತಿನ ಪದರ ಅಂದರೆ ಸುಣ್ಣದ ಸಣ್ಣ ಸಣ್ಣ ಹರಳಿನ ಬಿಲ್ಲೆಗಳು, ನಡುನಡುವೆ ಅಂಟಿನಂಥ ಸಾವಯವ ವಸ್ತು. ಒಂದೊಂದು ಬಿಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರಾನ್. ಅಂದರೆ ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದಷ್ಟೇ. ಬಿಲ್ಲೆಗಳು ಒತ್ತಾಗಿ, ಸಮನಾಗಿ ಕೂತರೆ ಬೆಳಕು ಶಿಸ್ತಾಗಿ ವಾಪಸ್ ಬರುತ್ತೆ, ಮೈ ಮೇಲೆ ಗುಲಾಬಿ, ಹಸಿರು ಛಾಯೆ ಆಡುತ್ತೆ. ಅವಸರದಲ್ಲಿ ಬೆಳೆದ ಮುತ್ತಿನಲ್ಲಿ ಬಿಲ್ಲೆಗಳು ಅಡ್ಡಾದಿಡ್ಡಿ, ಬೆಳಕು ಚದುರಿಹೋಗುತ್ತೆ. ನೀರು ತಣ್ಣಗಿರುವಾಗ ಪದರ ನಿಧಾನಕ್ಕೆ ಕೂರುತ್ತೆ. ಅದಕ್ಕೇ ಜಪಾನಿನವರು ಚಳಿಗಾಲದಲ್ಲಿ ಮುತ್ತು ತೆಗೆಯುವುದು.

ಗಾತ್ರದ ಲೆಕ್ಕವೂ ಗೊತ್ತಿರಲಿ. 7 ಮಿಲಿಮೀಟರಿನ ಗುಂಡು ಮುತ್ತು ಹೆಚ್ಚುಕಡಿಮೆ ಅರ್ಧ ಗ್ರಾಂ ತೂಗುತ್ತೆ. 8 ಮಿಲಿಮೀಟರಿನದು ಮುಕ್ಕಾಲು ಗ್ರಾಮಿನ ಹತ್ತಿರ. ಒಂದೇ ಮಿಲಿಮೀಟರ್ ಜಾಸ್ತಿ, ತೂಕ ಒಂದೂವರೆ ಪಟ್ಟು. ಅಷ್ಟು ದೊಡ್ಡದಾಗಿ ಬೆಳೆದ ಮೇಲೂ ಗುಂಡಗೆ, ಕಲೆಯಿಲ್ಲದೆ ಉಳಿದದ್ದು ಕಡಿಮೆ. ಹಾಗಾಗಿ ಬೆಲೆ ತೂಕಕ್ಕಿಂತ ಜೋರಾಗಿ ಏರುತ್ತೆ. ಹಳೆಯ ಮುತ್ತಿನ ವ್ಯಾಪಾರಿಗಳ ಸೂತ್ರದಲ್ಲೇ ಇದು ಇತ್ತು. ನೈಸರ್ಗಿಕ ಮುತ್ತನ್ನು ಗ್ರೇನ್ ಲೆಕ್ಕದಲ್ಲಿ ತೂಗಿ, ಬಂದ ತೂಕವನ್ನು ಅದರಿಂದಲೇ ಗುಣಿಸಿ, ಆಮೇಲೆ ಅವತ್ತಿನ ದರದಿಂದ ಗುಣಿಸುತ್ತಿದ್ದರು. ನಾಲ್ಕು ಗ್ರೇನ್ ಅಂದರೆ ಒಂದು ಕ್ಯಾರೆಟ್. ದರ 10 ಅಂತಿಟ್ಟುಕೊಂಡರೆ 2 ಗ್ರೇನಿನ ಮುತ್ತಿಗೆ 40, 4 ಗ್ರೇನಿನ ಮುತ್ತಿಗೆ 160. ತೂಕ ದುಪ್ಪಟ್ಟಾದರೆ ಬೆಲೆ ನಾಲ್ಕು ಪಟ್ಟು.

ಆಕಾರಕ್ಕೆ ಒಂದು ಸುಲಭ ದಾರಿ ಉರುಳಿಸಿ ನೋಡುವುದು. ಸಿಹಿನೀರಿನ ಮುತ್ತಿನಲ್ಲಿ ಪೂರ್ತಿ ಗುಂಡು ಸಿಗುವುದು ಅಪರೂಪ, ‘ಹೆಚ್ಚುಕಡಿಮೆ ಗುಂಡು’ ಸಿಗುತ್ತೆ. ನಿಮ್ಮ ಫೋಟೊದಲ್ಲಿ ಕೆಲವು ಮುತ್ತಿನ ಸುತ್ತ ಬಳೆಯಂಥ ತೆಳು ಗೆರೆ ಕಾಣುತ್ತಿದೆ. ಅದು ದೋಷ ಅಂದರೆ ದೋಷ. ಅಸಲಿಯ ಗುರುತು ಅಂದರೂ ಸರಿಯೇ. ಮೈ ಮೇಲಿನ ಸಣ್ಣ ಚುಕ್ಕೆ, ಗುಳಿಗಳಿಗೂ ಇದೇ ಮಾತು. ಕತ್ತಿನ ಮುಂದೆ ಕಾಣದ ಕಡೆ, ತೂತಿನ ಪಕ್ಕ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬಿರುಕು ಮಾತ್ರ ಬೇಡ. ನೂರಾರು ಮುತ್ತು, ಒಂದರಲ್ಲೂ ಚುಕ್ಕೆಯಿಲ್ಲ, ಎಲ್ಲ ಅಚ್ಚಿನಿಂದ ತೆಗೆದ ಹಾಗಿವೆ, ಬೆಲೆಯೂ ಕಡಿಮೆ ಅಂದರೆ ನಾನು ಆಗಲೇ ಅನುಮಾನ ಪಡುವುದು.

ಬಣ್ಣದಲ್ಲಿ ಯಾವುದು ಮೇಲು ಅನ್ನೋದು ರುಚಿಯ ವಿಷಯ. ನಮ್ಮ ಮೈಬಣ್ಣಕ್ಕೆ ಕೆನೆಬಣ್ಣದ ಮುತ್ತು ಅಚ್ಚ ಬಿಳಿಗಿಂತ ಚೆನ್ನಾಗಿ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ. ಆದರೂ ಎಲ್ಲರೂ ಹಾಲುಬಿಳಿ ಕೇಳುತ್ತಾರೆ. ಹಾಗೆ ಕೇಳುತ್ತಾರೆ ಅಂತಲೇ ಮುತ್ತನ್ನು ಬ್ಲೀಚ್ ಮಾಡುತ್ತಾರೆ. ಅದು ಎಲ್ಲ ಕಡೆ ನಡೆಯುವ ಕೆಲಸ, ಮೋಸ ಅಲ್ಲ. ಬಣ್ಣ ಹಾಕಿದ್ದನ್ನು ಹೇಳದೆ ಮಾರಿದರೆ ಮಾತ್ರ ಮೋಸ.

ಈಗ ತೂತು. ಮುತ್ತಿನ ಜಾತಕ ಇರುವುದೇ ಅಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ ಕೆಲವೇ ನೂರಕ್ಕೆ ಸಿಗುತ್ತೆ. ಸರಾಫರ ಹತ್ತಿರವಂತೂ ಇದ್ದೇ ಇರುತ್ತೆ, ಕೇಳಿ. ಎರಡು ಮುತ್ತನ್ನು ಸ್ವಲ್ಪ ಸರಿಸಿ ತೂತಿನ ಬಾಯಿ ನೋಡಿ. ಬಾಯಿಯ ಸುತ್ತ ಬಣ್ಣ ಗಾಢವಾಗಿ ನಿಂತಿದ್ದರೆ ಮುತ್ತಿಗೆ ಬಣ್ಣ ಹಾಕಿದ್ದಾರೆ. ಲೇಪ ಸುಲಿದು, ಒಳಗೆ ಗಾಜೋ ಪ್ಲಾಸ್ಟಿಕ್ಕೋ ಕಂಡರೆ ಅದು ನಕಲಿ. ಮೇಲೊಂದು ತೆಳು ಪದರ, ಆಮೇಲೆ ಕಪ್ಪು ಗೆರೆ, ಒಳಗೆ ಬೇರೆಯೇ ಬಿಳಿ ಇದ್ದರೆ ಮಣಿ ಇಟ್ಟು ಬೆಳೆದ ಮುತ್ತು. ಒಂದೇ ಥರದ ಮೈ ಒಳಗಿನ ತನಕ ಹೋಗಿದ್ದರೆ ಮಣಿಯಿಲ್ಲದ ಸಿಹಿನೀರಿನದು ಅಥವಾ ನೈಸರ್ಗಿಕ. ಈ ಕೊನೆಯ ಎರಡನ್ನು ಬೇರೆ ಮಾಡಲು ಭೂತಕನ್ನಡಿ ಸಾಲದು.

ಪಕ್ಕದ ಮನೆಯವರ ಪರೀಕ್ಷೆಗಳಿಗೆ ಬರೋಣ. ಬೆಂಕಿ ಬೇಡವೇ ಬೇಡ. ಮುತ್ತು ಅಂದರೆ ಸುಣ್ಣ ಮತ್ತು ಸಾವಯವ ಅಂಟು. ಬಿಸಿ ತಾಗಿದರೆ ಅಸಲಿ ಮುತ್ತೂ ಕಂದುತ್ತೆ, ಬಿರುಕು ಬಿಡುತ್ತೆ. ನೈಸರ್ಗಿಕವೋ ಕಲ್ಚರ್ಡೋ ಅಂತ ಬೆಂಕಿ ಹೇಳುವುದಿಲ್ಲ, ಹಾಳು ಮಾತ್ರ ಮಾಡುತ್ತೆ. ಉಜ್ಜುವ ಪರೀಕ್ಷೆ ಸುಮ್ನೆ ಹುಟ್ಟಿದ್ದಲ್ಲ. ಉಪ್ಪು ಬೆರೆಸಿದ ಎಣ್ಣೆಯಲ್ಲಿ ನೆನೆಸಿ ಭತ್ತದಲ್ಲಿ ಉಜ್ಜುವ ವಿಧಾನ ಹಳೆಯ ರತ್ನಪರೀಕ್ಷೆಯ ಗ್ರಂಥಗಳಲ್ಲೇ ಇದೆ. ಬಣ್ಣ ಬಳಿದ ನಕಲಿಯನ್ನು ಅದು ಹಿಡಿಯುತ್ತಿತ್ತು. ಆದರೆ ಆಗ ಕಲ್ಚರ್ಡ್ ಮುತ್ತೇ ಇರಲಿಲ್ಲ. ಇವತ್ತು ನಿಮ್ಮ ಸಿಹಿನೀರಿನ ಮುತ್ತನ್ನು ಉಜ್ಜಿದರೂ ಅದು ಪಾಸಾಗುತ್ತೆ. ಹಾಗಂತ ಬಸ್ರಾ ಆಗುವುದಿಲ್ಲ. ಹಲ್ಲಿಗೆ ತಿಕ್ಕಿ ನೋಡುವುದೂ ಅಷ್ಟೇ. ಅಸಲಿ ಮುತ್ತು ಹಲ್ಲಿಗೆ ಸ್ವಲ್ಪ ತರಿತರಿ, ನಕಲಿ ನುಣುಪು ಅನ್ನೋದು ನಿಜ. ಆದರೆ ಮುತ್ತು ಉಗುರಿಗಿಂತ ಹೆಚ್ಚೇನೂ ಗಟ್ಟಿ ಅಲ್ಲ, ಗೀರು ಬೀಳುತ್ತೆ. ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ತಾಗಿಸಿ ನೋಡಿದರೂ ಅದೇ ತರಿ ಗೊತ್ತಾಗುತ್ತೆ. ಬಾಯಿಗೆ ಹಾಕುವ ಗೋಜಿಲ್ಲ.

ನೈಸರ್ಗಿಕವೋ ಕಲ್ಚರ್ಡೋ ಅಂತ ಖಚಿತವಾಗಿ ಹೇಳುವುದು ಎಕ್ಸ್-ರೇ. ಒಳಗಿನ ಪದರಗಳು, ಮಣಿ, ಕೋಶದ ಚೂರು ಬಿಟ್ಟ ಗೀರು ಅದರಲ್ಲಿ ಕಾಣುತ್ತೆ. ಸಿಹಿನೀರಿನ ಮುತ್ತಿನಲ್ಲಿ ಮ್ಯಾಂಗನೀಸ್ ಜಾಸ್ತಿ ಇರುವುದರಿಂದ ಎಕ್ಸ್-ರೇ ಬಿದ್ದಾಗ ಬೆಳಗುತ್ತೆ, ಕಡಲಿನದು ಸಾಮಾನ್ಯವಾಗಿ ಬೆಳಗುವುದಿಲ್ಲ. ಮುಂಬಯಿಯ ಜಿಐಎ ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನಲ್ಲಿ ರತ್ನ ಪರೀಕ್ಷೆ ಮಾಡುವವರು ಹಲವರಿದ್ದಾರೆ. ಆದರೆ ಹೋಗುವ ಮುಂಚೆ ‘ಮುತ್ತಿಗೆ ಎಕ್ಸ್-ರೇ ಇದೆಯಾ?’ ಅಂತ ಒಂದೇ ಪ್ರಶ್ನೆ ಕೇಳಿ. ಇಲ್ಲ ಅಂದರೆ ಅವರು ಕೊಡುವ ‘ನೈಸರ್ಗಿಕ’ ಅನ್ನುವ ಕಾಗದ ನಂಬಬೇಡಿ. ಜ್ಯೋತಿಷ್ಯಕ್ಕೆ ಅಂತ ದುಬಾರಿ ಉಂಗುರದ ಮುತ್ತು ಕೊಳ್ಳುವವರಿಗೂ ಇದೇ ಮಾತು.

ಈಗ ನತ್ತು. ಅತ್ತೆಯವರ ತಾಯಿಯ ಕಾಲದ್ದು ಅಂದರೆ ಸುಮಾರು ನೂರು ವರ್ಷ ಹಿಂದಿನದು ಅಂತಾಯಿತು. ಕಲ್ಚರ್ಡ್ ಮುತ್ತು ನಮ್ಮ ಪೇಟೆಗಳಲ್ಲಿ ಹರಡುವ ಮುಂಚಿನ ಕಾಲ ಅದು. ಮುತ್ತು ಬದಲಾಗದೆ ಉಳಿದಿದ್ದರೆ, ಗಾಜಿನ ನಕಲಿ ಅಲ್ಲದಿದ್ದರೆ ಅವು ನೈಸರ್ಗಿಕ ಇರುವ ಸಾಧ್ಯತೆ ದೊಡ್ಡದು. ನೀವು ಕೊರತೆ ಅಂತ ಬರೆದ ಹಳದಿ ಛಾಯೆ, ವಕ್ರ ಆಕಾರ ಎರಡೂ ಹಳೆಯ ಕೊಲ್ಲಿ ಮುತ್ತಿಗೆ ಹೊಂದುತ್ತವೆ. ಇನ್ನೊಂದು ಸುಳಿವು ತೂತಿನ ಅಗಲ. ನೈಸರ್ಗಿಕ ಮುತ್ತು ತೂಕದ ಮೇಲೆ ಮಾರಾಟವಾಗುತ್ತಿತ್ತು. ಕೊರೆದು ಪುಡಿ ಮಾಡಿದಷ್ಟೂ ನಷ್ಟ. ಅದಕ್ಕೇ ಹಳೆಯವರು ತೂತನ್ನು ಸಣ್ಣಗೆ ಕೊರೆಯುತ್ತಿದ್ದರು. ಆದರೆ ನತ್ತಿನ ತಂತಿಗಾಗಿ ಪತ್ತಾರರು ಆಮೇಲೆ ದೊಡ್ಡದು ಮಾಡಿರಲೂಬಹುದು.

ಹಾಗಂತ ಲಾಟರಿ ಹೊಡೆಯಿತು ಅಂದುಕೊಳ್ಳಬೇಡಿ. ಸಣ್ಣ, ವಕ್ರ, ಹೊಳಪು ಕುಂದಿದ ನೈಸರ್ಗಿಕ ಮುತ್ತಿಗೆ ಕೋಟಿ ಕೊಡುವವರು ಯಾರೂ ಇಲ್ಲ. ನಾಲ್ಕೈದು ಮಿಲಿಮೀಟರ್ ದಾಟಿ, ಹೊಳಪೂ ಉಳಿದಿದ್ದರೆ ಮಾತು ಬದಲಾಗುತ್ತೆ. ಹೇಗಿದ್ದರೂ ಅವುಗಳ ಜಾಗದಲ್ಲಿ ಕೂರಿಸುವ ಹೊಸ ಮುತ್ತಿನ ಬೆಲೆ ಕೆಲವು ಹತ್ತು ರೂಪಾಯಿಗಳು. ಆ ಸರಾಫರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ನಿಜವಾಗಿಯೂ ಉಪಕಾರ ಮಾಡಲು ಹೊರಟಿರಬಹುದು. ಆದರೆ ಹಳೆಯ ಮುತ್ತು ಅವರಿಗೆ ಉಳಿಯುವ ಯಾವ ‘ಪುಕ್ಕಟೆ’ಗೂ ಒಪ್ಪಬೇಡಿ. ಮಗಳು ಬಿಳಿ ಮುತ್ತೇ ಬೇಕು ಅಂದರೆ ಬದಲಿಸಿ, ಹಳೆಯವನ್ನು ಎಣಿಸಿ ವಾಪಸ್ ತಗೊಳ್ಳಿ. ಪತ್ತಾರರಿಗೆ ಕೊಡುವ ಮುಂಚೆ ಎರಡು ಮಗ್ಗುಲಿನ ಫೋಟೊ, ಮುತ್ತಿನ ಸಂಖ್ಯೆ, ನತ್ತಿನ ಒಟ್ಟು ತೂಕ ಬರೆಸಿಕೊಳ್ಳಿ. ದೊಡ್ಡ ಮುತ್ತು ಒಂದೆರಡು ಇದ್ದರೆ ಎಕ್ಸ್-ರೇಗೆ ಕಳಿಸುವುದು ಲಾಭ. ಬರೀ ಸಣ್ಣ ಕಾಳುಗಳಾದರೆ ಪರೀಕ್ಷೆಯ ಖರ್ಚೇ ಜಾಸ್ತಿ ಆಗಬಹುದು, ಮೊದಲು ಶುಲ್ಕ ಕೇಳಿ. ಹುಣಸೆ, ನಿಂಬೆ, ಅಂಟುವಾಳ ಹಾಕಿ ತೊಳೆಯಬೇಡಿ. ಹುಳಿಗೆ ಮುತ್ತು ಕರಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮತ್ತೆ ಸರಕ್ಕೆ. ಮೋಸ ಹೋದಿರಾ? ಹೆಸರಿನಲ್ಲಿ ಹೌದು. ಬೆಲೆಯಲ್ಲಿ ಎಷ್ಟು ಅನ್ನೋದು ಟ್ಯೂಬ್‌ಲೈಟಿನ ಕೆಳಗೆ ನಿಮಗೇ ಕಾಣುತ್ತೆ. ಹೊಳಪು ಚೂಪಾಗಿದ್ದು, ಎರಡೆಳೆಯೂ ಹೊಂದಿಕೊಂಡಿದ್ದರೆ ಬಿಡಿ ಅಂಗಡಿಯಲ್ಲಿ ಸಿಹಿನೀರಿನ ಸರಕ್ಕೂ ಒಳ್ಳೆಯ ದುಡ್ಡು ಕೇಳುತ್ತಾರೆ, ನೀವು ಒಂದಿಷ್ಟು ಜಾಸ್ತಿ ಕೊಟ್ಟಿರಿ ಅಷ್ಟೇ. ಮಸುಕಾಗಿದ್ದರೆ ತುಂಬಾ ಜಾಸ್ತಿಯೇ ಕೊಟ್ಟಿದ್ದೀರಿ. ಸರಾಫರ ನಾಲ್ಕು ಸಾವಿರವನ್ನೂ ಬೆಲೆ ಅಂತ ಹಿಡಿಯಬೇಡಿ. ಅದು ಅವರು ಕೊಳ್ಳುವುದಾದರೆ ಕೊಡುವ ದರ. ಚಿನ್ನದ ಹಾಗೆ ಕಲ್ಚರ್ಡ್ ಮುತ್ತಿಗೆ ಪತ್ರಿಕೆಯಲ್ಲಿ ದಿನದ ದರ ಬರುವುದಿಲ್ಲ. ಮಾರಲು ಹೋದರೆ ಅರ್ಧವೂ ಬರುವುದಿಲ್ಲ, ಎಷ್ಟೋ ಅಂಗಡಿಗಳು ವಾಪಸ್ ತಗೊಳ್ಳುವುದೇ ಇಲ್ಲ. ತೊಡಲು ಕೊಳ್ಳಿ, ಕೂಡಿಡಲು ಬೇಡ.

ನಿಮ್ಮ ಮುಂದೆ ಈಗ ಎರಡು ಮೂರು ದಾರಿ ಇವೆ. ಸರ ಚೆನ್ನಾಗಿದೆ, ಮಗಳಿಗೆ ಇಷ್ಟ ಅಂದರೆ ಇಟ್ಟುಕೊಂಡು, ಅಂಗಡಿಗೆ ಫೋನ್ ಮಾಡಿ ವ್ಯತ್ಯಾಸದ ಹಣ ಕೇಳಿ. ಇಷ್ಟವಿಲ್ಲ ಅಂದರೆ ಪೂರ್ತಿ ವಾಪಸ್ ಕೇಳಿ. ಬಿಲ್ಲಿನಲ್ಲಿ ‘ಬಸ್ರಾ’ ಅಂತ ಬರೆದುಕೊಟ್ಟು ಅಂಗಡಿಯವರು ತಮ್ಮ ಕೈ ತಾವೇ ಕಟ್ಟಿಕೊಂಡಿದ್ದಾರೆ. ಬಾಯಲ್ಲಿ ಹೇಳಿದ್ದರೆ ನಿಮಗೆ ಕಷ್ಟವಾಗುತ್ತಿತ್ತು. ಫೋನಿನಲ್ಲಿ ಕೇಳದಿದ್ದರೆ ಪತ್ರ ಅಥವಾ ಇ-ಮೇಲ್ ಬರೆಯಿರಿ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಮೇಲೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ದೂರು ಕೊಡಲು ಹೈದರಾಬಾದಿಗೆ ಹೋಗಬೇಕಿಲ್ಲ, ನೀವಿರುವ ಜಿಲ್ಲೆಯಲ್ಲೇ, ಅಂದರೆ ಧಾರವಾಡದಲ್ಲೇ ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಅಲ್ಲಿ ಪ್ರಯೋಗಾಲಯದ ವರದಿ ಬೇಕಾಗುತ್ತೆ, ಓಡಾಟವೂ ಇದೆ. ಇಷ್ಟು ಮೊತ್ತಕ್ಕೆ ಅಷ್ಟು ದೂರ ಹೋಗಬೇಕಾ ಅನ್ನೋದು ನೀವೇ ಲೆಕ್ಕ ಹಾಕಬೇಕಾದ್ದು. ಎಷ್ಟೋ ಸಲ ಪತ್ರದ ಹಂತದಲ್ಲೇ ಅಂಗಡಿಯವರು ದಾರಿಗೆ ಬರುತ್ತಾರೆ.

ಈ ಸರ ಕೊಟ್ಟು ಅಕೋಯಾಗೆ ಹೋಗೋಣ ಅಂತ ಯಾರಾದರೂ ಹೇಳಿದರೆ ಹುಷಾರು. ಅಕೋಯಾ ಚೆಂದ, ನಿಜ. ಆದರೆ ಅಗ್ಗದ ಅಕೋಯಾದಲ್ಲಿ ಪದರ ತೆಳು. ದೀಪದ ಕೆಳಗೆ ಉರುಳಿಸಿದರೆ ಒಳಗಿನ ಮಣಿಯ ಪಟ್ಟೆ ಕಂಡು ಮರೆಯಾಗಿ ಕಣ್ಣು ಮಿಟುಕಿಸಿದ ಹಾಗಾಗುತ್ತೆ. ಅಂಥದ್ದು ಕೆಲವು ವರ್ಷದ ಬೆವರಿಗೇ ತೂತಿನ ಹತ್ತಿರ ಸುಲಿಯಲು ಶುರುವಾಗುತ್ತೆ. ಅದಕ್ಕಿಂತ ನಿಮ್ಮ ಸಿಹಿನೀರಿನ ಸರವೇ ಗಟ್ಟಿ. ಮುಂದೆ ಚಿನ್ನದಲ್ಲಿ ಕೂರಿಸಿದ ಮುತ್ತಿನ ಒಡವೆ ಕೊಂಡರೆ ಎರಡು ವಿಷಯ ನೆನಪಿರಲಿ. ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ಮುತ್ತಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಿಲ್ಲಿನಲ್ಲಿ ಗ್ರಾಸ್ ತೂಕ, ನೆಟ್ ತೂಕ ಬೇರೆ ಬೇರೆ ಇರಬೇಕು. ಇಲ್ಲದಿದ್ದರೆ ಮುತ್ತಿಗೂ ಚಿನ್ನದ ದರ ಕೊಟ್ಟು ಬಂದಿರುತ್ತೀರಿ. ಮುತ್ತಿನ ಎದುರು ‘ಸಿಹಿನೀರಿನ ಕಲ್ಚರ್ಡ್’ ಅಥವಾ ‘ಕಡಲಿನ ಕಲ್ಚರ್ಡ್’, ಅಳತೆ, ಬಣ್ಣ ಹಾಕಿದೆಯಾ ಇಲ್ಲವಾ ಅಂತ ಬರೆಸಿಕೊಳ್ಳಿ.

ಸರ ಇಟ್ಟುಕೊಳ್ಳುವುದಾದರೆ ಮದುವೆಗೆ ಮುಂಚೆ ದಾರ ನೋಡಿ. ಫೋಟೊದಲ್ಲಿ ಮುತ್ತುಗಳ ನಡುವೆ ಗಂಟು ಕಾಣಲಿಲ್ಲ, ನೈಲಾನಿನಲ್ಲಿ ಸುಮ್ನೆ ಪೋಣಿಸಿದ ಹಾಗಿದೆ. ರೇಷ್ಮೆ ದಾರದಲ್ಲಿ ಪ್ರತಿ ಮುತ್ತಿನ ನಡುವೆ ಗಂಟು ಹಾಕಿ ಪೋಣಿಸಿಕೊಡಿ ಅಂತ ಕೇಳಿ. ಅದು ಮುಂಚಿತವಾಗಿ ಹೇಳಬೇಕಾದ ಕೆಲಸ, ಹಿಂದಿನ ದಿನ ಹೋದರೆ ಆಗುವುದಿಲ್ಲ. ಗಂಟಿದ್ದರೆ ಮುತ್ತು ಒಂದಕ್ಕೊಂದು ಉಜ್ಜುವುದಿಲ್ಲ. ಮಾಲೆ ಬದಲಿಸುವ ಗಡಿಬಿಡಿಯಲ್ಲಿ ಎಳೆ ಹರಿದರೂ ಒಂದೇ ಮುತ್ತು ಉದುರುತ್ತೆ, ಇಡೀ ಬೀಗರ ಬಳಗ ಮಂಟಪದಲ್ಲಿ ಬಗ್ಗಿ ಹುಡುಕಬೇಕಿಲ್ಲ. ಪರ್ಫ್ಯೂಮ್, ಹೇರ್ ಸ್ಪ್ರೇ ಎಲ್ಲ ಮುಗಿದ ಮೇಲೆ ಸರ ಹಾಕಿಕೊಳ್ಳಲಿ. ರಾತ್ರಿ ಬಿಚ್ಚಿದಾಗ ಮೆತ್ತನೆಯ ಬಟ್ಟೆಯಲ್ಲಿ ಬೆವರು ಒರೆಸಿ, ಚಿನ್ನದ ಒಡವೆಗಳ ಜೊತೆ ಸೇರಿಸದೆ ಹತ್ತಿಬಟ್ಟೆಯ ಚೀಲದಲ್ಲಿ ಇಡಲಿ.